ನೊರಜಿನ ರೆಕ್ಕೆಯನ್ನು ಓದಿದವರು

ಕುರಿಗಳಿಗೆ ಬರುವ ನೀಲಿನಾಲಿಗೆ ರೋಗದ ಬಗ್ಗೆ ನಮ್ಮ ಬಯಲುಸೀಮೆಯ ಕುರಿಗಾಹಿಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಹಿಡಿದು ಬಿಟ್ಟ ದಿನಗಳಲ್ಲಿ ಮಂದೆಯ ಒಂದೆರಡು ಕುರಿಗಳು ಮೇವು ಬಿಡುತ್ತವೆ. ಜ್ವರ ಏರುತ್ತದೆ, ತುಟಿ ಮುಖ ಊದುತ್ತವೆ, ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಯುತ್ತದೆ, ಗೊರಸಿನ ಮೇಲಂಚು ಕೆಂಪಾಗಿ ಕುಂಟತೊಡಗುತ್ತವೆ. ಕೆಲವು ಕುರಿಗಳ ನಾಲಿಗೆ ಊದಿ ನೀಲಿಗಟ್ಟುವುದರಿಂದ ರೋಗಕ್ಕೆ ಈ ಹೆಸರು ಬಂತು. ಪಕ್ಕದಲ್ಲಿ ನಿಂತ ಮಾತ್ರಕ್ಕೆ ಕುರಿಯಿಂದ ಕುರಿಗೆ ಅಂಟುವ ರೋಗ ಇದಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕು. ಆ ದಲ್ಲಾಳಿಯ ಉದ್ದ ಒಂದರಿಂದ ಮೂರು ಮಿಲಿಮೀಟರ್. ನಾವು ನೊರಜು, ನುಸಿ ಎಂದೆಲ್ಲ ಕರೆದು ಕೈಬೀಸಿ ಓಡಿಸುವ ಚಿಕ್ಕ ಹುಳುಗಳ ಗುಂಪಿನಲ್ಲೇ ಅದೂ ಇದೆ. ವಿಜ್ಞಾನದಲ್ಲಿ ಅದರ ಕುಲದ ಹೆಸರು ಕ್ಯುಲಿಕಾಯ್ಡಿಸ್.

ಈ ಕುಲದಲ್ಲಿ ಜಗತ್ತಿನಾದ್ಯಂತ 1300ಕ್ಕೂ ಹೆಚ್ಚು ಪ್ರಭೇದಗಳಿವೆ. ರಕ್ತ ಹೀರುವುದು ಹೆಣ್ಣು ಮಾತ್ರ, ಅದೂ ಮೊಟ್ಟೆ ಕಟ್ಟುವುದಕ್ಕೆ. ಕುರಿಯ ರಕ್ತ ಕುಡಿಯುವ ಪ್ರಭೇದಗಳು ಒಂದಿಷ್ಟಾದರೆ, ಅವುಗಳಲ್ಲಿ ವೈರಸ್ಸನ್ನು ಒಡಲಲ್ಲಿ ಬೆಳೆಸಿ ಮುಂದಿನ ಕುರಿಗೆ ದಾಟಿಸಬಲ್ಲವು ಇನ್ನೂ ಕಡಿಮೆ. ಒಂದೊಂದು ಪ್ರಭೇದ ಮೊಟ್ಟೆಯಿಡುವ ಜಾಗ ಬೇರೆ, ಹಾರುವ ಹೊತ್ತು ಬೇರೆ, ಸಹಿಸುವ ಚಳಿ ಬೇರೆ. ಹೀಗಾಗಿ ರೋಗ ತಡೆಯಬೇಕೆಂದವನು ಮೊದಲು ಕೇಳಬೇಕಾದ ಪ್ರಶ್ನೆ, ‘ಕಚ್ಚಿದ್ದು ಯಾವುದು?’ ಎಂಬುದು. ಸಾಸಿವೆ ಕಾಳಿನಷ್ಟಿರುವ ಹುಳುವಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು ಮುನ್ನೂರು ವರ್ಷ ಹಿಡಿದಿದೆ. ಆ ಹುಡುಕಾಟದ ಬಹುಪಾಲು ನಡೆದದ್ದು ಹುಳುವಿನ ರೆಕ್ಕೆಯ ಮೇಲಿನ ಮಚ್ಚೆಗಳನ್ನು ದಿಟ್ಟಿಸಿ ನೋಡುವುದರಲ್ಲಿ.

1713ರಲ್ಲಿ ಇಂಗ್ಲೆಂಡಿನ ವಿಲಿಯಂ ಡೆರಮ್ ಎಂಬ ಪಾದ್ರಿ ‘ಫಿಸಿಕೋ-ಥಿಯಾಲಜಿ’ ಎಂಬ ಪುಸ್ತಕ ಪ್ರಕಟಿಸಿದ. ಎಸೆಕ್ಸ್‌ನ ಅಪ್‌ಮಿನ್‌ಸ್ಟರ್ ಚರ್ಚಿನಲ್ಲಿದ್ದ ಈತ, ದೂರದಲ್ಲಿ ಹಾರಿಸಿದ ಬಂದೂಕಿನ ಹೊಗೆಗೂ ಸದ್ದಿಗೂ ನಡುವಿನ ಸಮಯವನ್ನು ಅಳೆದು ಶಬ್ದದ ವೇಗವನ್ನು ಲೆಕ್ಕ ಹಾಕಿದವನೆಂದು ಹೆಸರಾದವನು. ಸೃಷ್ಟಿಯ ಸಣ್ಣದರಲ್ಲೂ ದೇವರ ಕೈಚಳಕ ಕಾಣಬೇಕೆಂಬ ಹಂಬಲದಿಂದ ಆತ ಕಚ್ಚುವ ನೊರಜನ್ನೂ ಬಿಡದೆ ನೋಡಿದ. ಆತ ಅದಕ್ಕೆ ಕೊಟ್ಟ ಉದ್ದನೆಯ ಲ್ಯಾಟಿನ್ ಹೆಸರಿನ ಅರ್ಥ ‘ಕಪ್ಪಗಿರುವ, ಮಚ್ಚೆಯುಳ್ಳ, ರಕ್ತ ಹೀರುವ ಅತಿ ಸಣ್ಣ ಸೊಳ್ಳೆ’ ಎಂದು. ಮಚ್ಚೆ ಎಂಬ ಮಾತು ಆ ಮೊದಲ ಹೆಸರಿನಲ್ಲೇ ಸೇರಿಕೊಂಡಿತ್ತು.

1758ರಲ್ಲಿ ಲಿನೇಯಸ್ ಇದನ್ನು ಸೊಳ್ಳೆಗಳ ಸಾಲಿನಲ್ಲೇ ಕೂರಿಸಿ ‘ಪುಲಿಕ್ಯಾರಿಸ್’, ಅಂದರೆ ಚಿಗಟದಂಥದು, ಎಂದು ಹೆಸರಿಟ್ಟ. ಪಾರದರ್ಶಕ ರೆಕ್ಕೆ, ಅದರ ಮೇಲೆ ಮೂರು ಮಂಕು ಮಚ್ಚೆ ಎಂಬಷ್ಟೇ ಆತನ ವಿವರಣೆ. 1809ರಲ್ಲಿ ಫ್ರಾನ್ಸಿನ ಲಾತ್ರೇಯ್ ಇವುಗಳನ್ನು ಸೊಳ್ಳೆಗಳಿಂದ ಬೇರ್ಪಡಿಸಿ ಕ್ಯುಲಿಕಾಯ್ಡಿಸ್, ಅಂದರೆ ಸೊಳ್ಳೆಯಂಥದು, ಎಂಬ ಹೊಸ ಕುಲ ಕಟ್ಟಿದ. ಮನೆ ಬೇರೆಯಾದರೂ ಹೆಸರಿನಲ್ಲಿ ಸೊಳ್ಳೆಯ ನೆಂಟಸ್ತಿಕೆ ಉಳಿಯಿತು.

ಇವರ ನಂತರ ಬಂದವನು ಯೋಹಾನ್ ವಿಲ್ಹೆಲ್ಮ್ ಮೈಗೆನ್. ಈತನ ಊರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕಥೆ ಮತ್ತೆ ಅಲ್ಲಿಗೆ ಹೋಗಲಿದೆ. ಜರ್ಮನಿಯ ಆಖೆನ್ ನಗರದ ಮಗ್ಗುಲಿನ ಶ್ಟೋಲ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಪಾಠ ಹೇಳಿಕೊಂಡು, ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡು, ಬಡತನದಲ್ಲೇ ಬದುಕಿದ ಈ ಮನುಷ್ಯ ಯುರೋಪಿನ ನೊಣ ಸೊಳ್ಳೆಗಳ ವಿವರಣೆಯನ್ನು 1818ರಿಂದ 1838ರವರೆಗೆ ಸಂಪುಟದ ಮೇಲೆ ಸಂಪುಟವಾಗಿ ತಂದ. ನೊಣಗಳನ್ನು ವಿಂಗಡಿಸುವುದಕ್ಕೆ ರೆಕ್ಕೆಯ ನರಗಳ ಹೆಣಿಗೆ ಎಷ್ಟು ಉಪಯುಕ್ತ ಎಂಬುದನ್ನು ಕಂಡುಕೊಂಡವರಲ್ಲಿ ಆತ ಮುಖ್ಯನು. ಕ್ಯುಲಿಕಾಯ್ಡಿಸ್ ಕುಲದಲ್ಲಿ ಆತ ಹೆಸರಿಟ್ಟ ಪ್ರಭೇದಗಳಲ್ಲಿ ಎರಡು ನಮ್ಮ ಕಥೆಗೆ ಬೇಕು. ಒಂದು 1804ರ ‘ಪಂಕ್ಟೇಟಸ್’, ಚುಕ್ಕೆಗಳುಳ್ಳದ್ದು. ಇನ್ನೊಂದು 1818ರ ‘ಒಬ್ಸೋಲೀಟಸ್’, ಸವೆದು ಮಾಸಿಹೋದದ್ದು. ಮೊದಲನೆಯದರ ರೆಕ್ಕೆ ಅಚ್ಚುಕಟ್ಟಾಗಿ ಮುದ್ರೆ ಒತ್ತಿದಂತಿದ್ದರೆ, ಎರಡನೆಯದರ ರೆಕ್ಕೆ ಬಹಳ ಸಲ ಒಗೆದ ಸೀರೆಯಂತೆ.

ರೆಕ್ಕೆಯನ್ನು ‘ಓದುವುದು’ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕ್ಯುಲಿಕಾಯ್ಡಿಸ್‌ನ ರೆಕ್ಕೆ ಒಂದು, ಒಂದೂವರೆ ಮಿಲಿಮೀಟರ್ ಉದ್ದದ್ದು. ಹುಳು ಕುಳಿತಾಗ ಎರಡು ರೆಕ್ಕೆಗಳೂ ಮುಚ್ಚಿದ ಕತ್ತರಿಯಂತೆ ಬೆನ್ನಿನ ಮೇಲೆ ಒಂದರ ಮೇಲೊಂದು ಮಲಗುತ್ತವೆ. ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿ ದಪ್ಪ ನರಗಳ ನಡುವೆ ಸಿಕ್ಕಿಕೊಂಡ ಎರಡು ಪುಟ್ಟ ಕೋಣೆಗಳಿವೆ. ಅವನ್ನು ರೇಡಿಯಲ್ ಕೋಣೆಗಳೆನ್ನುತ್ತಾರೆ. ಎರಡನೆಯ ಕೋಣೆ ಪೂರ್ತಿ ಕಪ್ಪೋ, ಅದರ ತುದಿಗೆ ತಿಳಿಬಣ್ಣ ಹತ್ತಿದೆಯೋ ಎಂಬುದು ಮೊದಲ ಪ್ರಶ್ನೆ. ಆಮೇಲೆ ಅಂಚಿನ ಬಿಳಿ ಮಚ್ಚೆಗಳು ಎಷ್ಟು, ಅವು ಒಂಟಿಯೋ ಕೂಡಿಕೊಂಡಿವೆಯೋ, ನರ ಕವಲೊಡೆಯುವಲ್ಲಿ ಮಚ್ಚೆ ನರವನ್ನು ದಾಟುತ್ತದೆಯೋ ಅದರ ಮಗ್ಗುಲಲ್ಲೇ ನಿಲ್ಲುತ್ತದೆಯೋ, ರೆಕ್ಕೆಯ ಬುಡದ ಹಿಂಬದಿಯ ಕೋಣೆಯಲ್ಲಿ ಒಂದು ಮಚ್ಚೆಯೋ ಎರಡೋ? ಬಣ್ಣ ಎನ್ನುವುದೂ ಬಣ್ಣವಲ್ಲ, ಬೂದು ಮತ್ತು ಅದಕ್ಕಿಂತ ತಿಳಿಯಾದ ಬೂದು. ರೆಕ್ಕೆಯ ಪೊರೆಯೊಳಗಿನ ವರ್ಣದ್ರವ್ಯ ಮತ್ತು ಪೊರೆಯ ಮೇಲಿನ ಸೂಕ್ಷ್ಮ ಕೂದಲು ಸೇರಿ ಈ ನೆರಳು ಬೆಳಕನ್ನು ಮಾಡುತ್ತವೆ. ಹುಳು ತಾಜಾ ಇದ್ದಾಗ ಚಿತ್ರ ಎದ್ದು ಕಾಣುತ್ತದೆ. ಹಳೆಯದಾದಂತೆ, ಗಾಜಿನ ಹಲಗೆಗೆ ಏರಿಸಲು ರಾಸಾಯನಿಕದಲ್ಲಿ ನೆನೆಸಿದಂತೆ, ಮಾಸುತ್ತದೆ.

ಹೆಸರಿಟ್ಟವರು ಎಲ್ಲರೂ ಇದನ್ನು ಇಷ್ಟು ನಿಧಾನವಾಗಿ ನೋಡಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕುಲದ ದೊಡ್ಡ ನಾಮಕರಣಕಾರ ಜಾನ್-ಜಾಕ್ ಕೀಫರ್. ಆಗ ಜರ್ಮನಿಯ ಕೈಯಲ್ಲಿದ್ದ ಲೊರೇನ್ ಪ್ರಾಂತ್ಯದ ಬಿಚ್ ಎಂಬ ಊರಿನಲ್ಲಿ ಪಾದ್ರಿ, ಮೇಷ್ಟ್ರು. ಜಗತ್ತಿನ ಮೂಲೆಮೂಲೆಯ ಮ್ಯೂಸಿಯಂಗಳಿಂದ ಆತನಿಗೆ ಸಣ್ಣ ಹುಳುಗಳ ಪೊಟ್ಟಣಗಳು ಹೋಗುತ್ತಿದ್ದವು. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಸಂಗ್ರಹವೂ ಹಾಗೆ ಹೋಯಿತು. 1910ರಲ್ಲಿ ಆ ಮ್ಯೂಸಿಯಂನದೇ ಪ್ರಕಟಣೆಯಲ್ಲಿ ಕೀಫರ್ ಫ್ರೆಂಚ್ ಭಾಷೆಯಲ್ಲಿ ಬರೆದ ಪ್ರಬಂಧ ಬಂತು. ಅದರಲ್ಲಿ ‘ಆಕ್ಸಿಸ್ಟೋಮ’, ‘ಪೆರೆಗ್ರಿನಸ್’ ಎಂಬ ಎರಡು ಹೆಸರುಗಳಿದ್ದವು. ಇಂದು ದಕ್ಷಿಣ ಭಾರತದ ದನದ ಕೊಟ್ಟಿಗೆಯ ಹತ್ತಿರ ಬೆಳಕಿನ ಬಲೆ ಕಟ್ಟಿದರೆ ಹೇರಳವಾಗಿ ಬೀಳುವ ಹುಳುಗಳಲ್ಲಿ ಇವೆರಡೂ ಸೇರಿವೆ. ಮೂರು ವರ್ಷದ ನಂತರ, 1913ರಲ್ಲಿ, ಕೀಫರ್ ಪೂರ್ವ ಆಫ್ರಿಕಾದ ಒಂದು ಹುಳುವಿಗೆ ‘ಇಮಿಕೋಲ’ ಎಂದು ಹೆಸರಿಟ್ಟ. ಕೀಫರ್‌ನ ವಿವರಣೆಗಳು ಚುಟುಕು. ಮುಂದಿನವರಿಗೆ ಅವು ಸಿಕ್ಕು ಬಿಡಿಸಲಾಗದ ಒಗಟುಗಳಾದವು.

1920ರಲ್ಲಿ ಕಾರ್ಟರ್, ಇನ್‌ಗ್ರಾಮ್, ಮ್ಯಾಕ್‌ಫೀ ಎಂಬ ಮೂವರು ಇಂದಿನ ಘಾನಾ, ಅಂದಿನ ಗೋಲ್ಡ್ ಕೋಸ್ಟ್‌ನ ನೊರಜುಗಳನ್ನು ವಿವರವಾಗಿ ವರ್ಣಿಸಿದರು. ಅವರು ಹೊಸದೆಂದು ತಿಳಿದು ಹೆಸರಿಟ್ಟ ಒಂದು ಹುಳು ‘ಪ್ಯಾಲಿಡಿಪೆನ್ನಿಸ್’, ಅಂದರೆ ಪೇಲವ ರೆಕ್ಕೆಯದು. ಅದು ಕೀಫರ್‌ನ ಇಮಿಕೋಲವೇ ಎಂಬುದು ಬಹುಕಾಲದ ನಂತರ ಸ್ಪಷ್ಟವಾಯಿತು. ಅಷ್ಟರಲ್ಲಿ ಒಂದೇ ಹುಳು ಎರಡು ಹೆಸರಿನಿಂದ ಆಫ್ರಿಕಾದ ಉದ್ದಗಲ ಓಡಾಡುತ್ತಿತ್ತು.

ಇದೆಲ್ಲ ಪಂಡಿತರ ಜಗಳ, ಕುರಿಗೇನು ಸಂಬಂಧ ಎಂದು ಕೇಳಬಹುದು. ಸಂಬಂಧ ಕುದುರಿದ್ದು 1944ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಹತ್ತಿರದ ಓಂಡರ್‌ಸ್ಟೆಪೂರ್ಟ್ ಪಶುವೈದ್ಯ ಸಂಸ್ಥೆಯಲ್ಲಿ. ನೀಲಿನಾಲಿಗೆಯ ಕಾರಣ ಸೋಸುಗಕ್ಕೂ ಸಿಗದಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಆರ್ನಾಲ್ಡ್ ಥೈಲರ್ 1906ರಲ್ಲೇ ತೋರಿಸಿದ್ದ. ರಾತ್ರಿ ಲಾಯದೊಳಗೆ ಕಟ್ಟಿದ ಕುದುರೆಗೆ ಕುದುರೆಬೇನೆ ಬಾರದು, ಹೊರಗೆ ಮೇಯಲು ಬಿಟ್ಟದ್ದಕ್ಕೆ ಬರುತ್ತದೆ ಎಂಬುದು ರೈತರಿಗೂ ಗೊತ್ತಿತ್ತು. ಹಾಗಾದರೆ ರಾತ್ರಿ ಹಾರುವ ಏನೋ ಒಂದು ಇದನ್ನು ಹೊರುತ್ತಿದೆ. ಅನುಮಾನವೆಲ್ಲ ಸೊಳ್ಳೆಗಳ ಮೇಲೆ. ಸೊಳ್ಳೆಗಳಿಂದ ರೋಗ ದಾಟಿಸುವ ಪ್ರಯತ್ನಗಳು ಫಲ ಕೊಡಲಿಲ್ಲ. ಕೀಟಶಾಸ್ತ್ರಜ್ಞ ಆರ್. ಎಂ. ಡು ಟಾಯ್ಟ್ ಬೆಳಕಿನ ಬಲೆಗೆ ಬಿದ್ದ ಕ್ಯುಲಿಕಾಯ್ಡಿಸ್‌ಗಳನ್ನು ಅರೆದು ಕುರಿಗೆ ಚುಚ್ಚಿದ. ಕುರಿಗೆ ನೀಲಿನಾಲಿಗೆ ಬಂತು. ರೋಗಿ ಕುರಿಯ ರಕ್ತ ಕುಡಿದ ಹುಳುಗಳನ್ನು ಹತ್ತು ಹನ್ನೆರಡು ದಿನ ಸಾಕಿ ಆರೋಗ್ಯವಂತ ಕುರಿಗೆ ಕಚ್ಚಿಸಿದ. ಅದಕ್ಕೂ ಬಂತು. ಆರೋಪಿಯ ಹೆಸರೆಂದು ಆತ ಬರೆದದ್ದು ಪ್ಯಾಲಿಡಿಪೆನ್ನಿಸ್, ಆ ಪೇಲವ ರೆಕ್ಕೆಯದು. ಇಂದಿನ ಲೆಕ್ಕದಲ್ಲಿ ಅದು ಇಮಿಕೋಲ.

ಆದರೆ ಆ ಹೆಸರಿನಡಿ ಒಂದೇ ಹುಳು ಇತ್ತೇ? ಇದನ್ನು ಕೇಳಿದವನು ಅದೇ ಓಂಡರ್‌ಸ್ಟೆಪೂರ್ಟ್‌ನ ರುಡಾಲ್ಫ್ ಮೈಸ್‌ವಿಂಕಲ್. ಬಲೆಯಿಂದ ಬಂದ ಹುಳುಗಳನ್ನು ರೆಕ್ಕೆ ನೋಡಿ ವಿಂಗಡಿಸುವುದಷ್ಟಕ್ಕೆ ಆತ ನಿಲ್ಲಲಿಲ್ಲ, ಹುಳು ಹುಟ್ಟುವ ಜಾಗಕ್ಕೇ ಹೋದ. ಆಫ್ರಿಕಾದ ಕಾಡೆಮ್ಮೆ, ನೀಲಿ ವೈಲ್ಡ್‌ಬೀಸ್ಟ್ ಮತ್ತು ದನದ ಸಗಣಿಯನ್ನು ತಂದು ಅದರಿಂದ ಹುಳುಗಳನ್ನು ಹೊರಡಿಸಿದ. ಸಗಣಿಯಿಂದ ಎದ್ದ ಹುಳುಗಳು ಮೇಲುನೋಟಕ್ಕೆ ಇಮಿಕೋಲವೇ. ಸಾಲಾಗಿ ಇಟ್ಟು ನೋಡಿದಾಗ ರೆಕ್ಕೆಯ ತಿಳಿ ಮಚ್ಚೆಗಳ ಹರವಿನಲ್ಲಿ ಸಣ್ಣದಾದರೂ ತಪ್ಪದೆ ಮರುಕಳಿಸುವ ವ್ಯತ್ಯಾಸ ಕಂಡಿತು. 1989ರಲ್ಲಿ ಆತ ಇಮಿಕೋಲವನ್ನು ಹೊಸದಾಗಿ, ವಿವರವಾಗಿ ವರ್ಣಿಸಿ, ಈ ಎರಡನೆಯದಕ್ಕೆ ‘ಬೋಲಿಟಿನಾಸ್’ ಎಂದು ಹೆಸರಿಟ್ಟ. ಸಗಣಿಗೆ ಸೇರಿದ್ದು ಎಂದು ಅದರ ಗ್ರೀಕ್ ಅರ್ಥ.

ವ್ಯತ್ಯಾಸ ಕೂದಲೆಳೆಯದು, ಪರಿಣಾಮ ಹಾಗಲ್ಲ. ಇಮಿಕೋಲದ ಮರಿಗಳು ಬೆಳೆಯುವುದು ಒದ್ದೆ ಮಣ್ಣಿನಲ್ಲಿ. ನೀರು ಸೋರುವ ತೊಟ್ಟಿಯ ಸುತ್ತ, ಸಗಣಿ ಗಂಜಲ ಬೆರೆತ ಕೆಸರಿನ ಅಂಚಿನಲ್ಲಿ. ಬೋಲಿಟಿನಾಸ್‌ಗೆ ಬೇಕಾದದ್ದು ಹಸಿ ಸಗಣಿಯ ಕುಪ್ಪೆ. ಒಂದನ್ನು ತಡೆಯಲು ಕೆಸರು ಬತ್ತಿಸಬೇಕು. ಇನ್ನೊಂದಕ್ಕೆ ಆ ಶ್ರಮವೆಲ್ಲ ವ್ಯರ್ಥ. ಒಂದಕ್ಕೆ ಬಿಸಿಲಿನ ತಗ್ಗು ಪ್ರದೇಶ ಇಷ್ಟ, ಇನ್ನೊಂದು ತಂಪಾದ ಎತ್ತರದಲ್ಲೂ ಬದುಕುತ್ತದೆ. 1998ರಲ್ಲಿ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯದ ಕ್ಲಾರೆನ್ಸ್ ಎಂಬ ಬೆಟ್ಟದ ಕಣಿವೆಯಲ್ಲಿ ಕುದುರೆಬೇನೆ ಎದ್ದಿತು. ಇಮಿಕೋಲ ಅಷ್ಟಾಗಿ ಇಲ್ಲದ ತಂಪು ಜಾಗ ಅದು. ಬಲೆಗಳಿಗೆ ಬಿದ್ದದ್ದು ಹೆಚ್ಚಾಗಿ ಬೋಲಿಟಿನಾಸ್, ವೈರಸ್ ಸಿಕ್ಕಿದ್ದೂ ಅದರೊಳಗೇ. ಒಂಬತ್ತು ವರ್ಷದ ಹಿಂದೆ ರೆಕ್ಕೆ ಓದಿ ಇವೆರಡನ್ನು ಬೇರ್ಪಡಿಸಿರದಿದ್ದರೆ ಆ ಕಣಿವೆಯ ವರದಿಯಲ್ಲಿ ‘ಇಮಿಕೋಲ’ ಎಂದೇ ಬರೆದು ಮುಗಿಸುತ್ತಿದ್ದರೇನೋ.

ಹೀಗೆ ಒಂದು ಹೆಸರಿನ ಕೆಳಗೆ ಹಲವು ಹುಳು, ಹಲವು ಹೆಸರಿನ ಕೆಳಗೆ ಒಂದೇ ಹುಳು ಎಂಬ ಗೊಂದಲ ನಮ್ಮ ಕಡೆಯೂ ಇತ್ತು. 1908ರಲ್ಲಿ ಎಂಡರ್‌ಲೈನ್ ಎಂಬಾತ ದಕ್ಷಿಣ ಆಫ್ರಿಕಾ ಭಾಗದ ಒಂದು ಹುಳುವಿಗೆ ‘ಶುಲ್ಟ್‌ಸೈ’ ಎಂದು ಹೆಸರಿಟ್ಟ. ಎರಡು ವರ್ಷದ ನಂತರದ ಕೀಫರ್‌ನ ಕಲ್ಕತ್ತದ ಆಕ್ಸಿಸ್ಟೋಮ ರೆಕ್ಕೆಯಲ್ಲಿ ಅದಕ್ಕೆ ತೀರ ಹತ್ತಿರ. ದಶಕಗಳ ಕಾಲ ಏಷ್ಯಾದ ಹುಳುವನ್ನೂ ಶುಲ್ಟ್‌ಸೈ ಎಂದೇ ಬರೆಯಲಾಯಿತು. ಹಳೆಯ ಭಾರತೀಯ ಪಟ್ಟಿಗಳಲ್ಲಿ ಈ ಹೆಸರು ಕಂಡರೆ ಅದನ್ನು ಹೆಚ್ಚಾಗಿ ಆಕ್ಸಿಸ್ಟೋಮ ಎಂದು ಓದಿಕೊಳ್ಳಬೇಕು. 1994ರಲ್ಲಿ ಕಾರ್ನೆ ಮತ್ತು ಬ್ರೂನ್ ಎಂಬ ಫ್ರೆಂಚ್ ಸಂಶೋಧಕರು ಆಫ್ರಿಕಾದ ಶುಲ್ಟ್‌ಸೈ ಬಳಗವನ್ನು ಮರುಪರಿಶೀಲಿಸಿ ಅದರೊಳಗಿನ ಪ್ರಭೇದಗಳನ್ನು ಬಿಡಿಸಿಟ್ಟರು.

ಭಾರತದ ಭಾಗವನ್ನು ಹೇಳುವಾಗ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಅನ್ನು ಮರೆಯುವಂತಿಲ್ಲ. ಕಾಳಾ ಅಜಾರ್ ರೋಗದ ಮರಳುನೊಣದ ಮೇಲೆ ದುಡಿದ ಆರ್. ಒ. ಎ. ಸ್ಮಿತ್ 1929ರಲ್ಲಿ ‘ಆಕ್ಟನೈ’ ಎಂಬ ಪ್ರಭೇದವನ್ನು ವರ್ಣಿಸಿದ್ದು ಅಲ್ಲಿಂದ. ಅದೇ ಶಾಲೆಯ ಆಕ್ಟನ್ ಹೆಸರನ್ನು ಹುಳು ಹೊತ್ತಿದೆ. 1959ರಲ್ಲಿ ಸೇನ್ ಮತ್ತು ದಾಸ್‌ಗುಪ್ತ ಭಾರತದ ಕ್ಯುಲಿಕಾಯ್ಡಿಸ್‌ಗಳ ಬಗ್ಗೆ ಪ್ರಬಂಧ ಬರೆದರು. ಮರುವರ್ಷವೇ, 1960ರಲ್ಲಿ, ಪಶ್ಚಿಮ ಏಷ್ಯಾದ ಮೂಲಕ ಸಾಗಿಬಂದ ಆಫ್ರಿಕಾದ ಕುದುರೆಬೇನೆ ಭಾರತವನ್ನು ಹೊಕ್ಕಿತು. ಆ ಸುತ್ತಿನಲ್ಲಿ ಪಶ್ಚಿಮ ಮತ್ತು ದಕ್ಷಿಣ ಏಷ್ಯಾದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವೆಂದು ಲೆಕ್ಕ. ನೀಲಿನಾಲಿಗೆಯ ಮೊದಲ ಭಾರತೀಯ ವರದಿ 1964ರದು, ಮಹಾರಾಷ್ಟ್ರದಿಂದ.

ರೋಗ ಬಂದಾಗಲೇ ರೆಕ್ಕೆಯ ನೆನಪಾಗುವುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1987ರಲ್ಲಿ ನಮೀಬಿಯಾದಿಂದ ತಂದ ಜೀಬ್ರಾಗಳ ಜೊತೆ ಕುದುರೆಬೇನೆ ಸ್ಪೇನಿಗೆ ಬಂತು. ಒಂದು ಬೇಸಿಗೆಗೆ ಮುಗಿಯಲಿಲ್ಲ, 1990ರವರೆಗೂ ಮರಳಿ ಮರಳಿ ಎದ್ದಿತು. ಇಮಿಕೋಲ ಅಲ್ಲಿ ನೆಲೆಯೂರಿತ್ತು. ಈಗ ಐಬೀರಿಯಾದ ಊರೂರಲ್ಲಿ ಬಲೆ ಕಟ್ಟಬೇಕು, ಎಲ್ಲಿ ಇಮಿಕೋಲ ಇದೆ, ಎಲ್ಲಿ ಇಲ್ಲ ಎಂಬ ನಕ್ಷೆ ಬೇಕು. ಒಂದು ರಾತ್ರಿಯ ಒಂದು ಬಲೆಯಲ್ಲಿ ಸಾವಿರಾರು ಹುಳು ಬೀಳುವುದುಂಟು. ಒಂದೊಂದನ್ನೂ ಗಾಜಿನ ಹಲಗೆಗೇರಿಸಿ, ಮೀಸೆಯ ಗೆಣ್ಣು, ಹೊಟ್ಟೆಯೊಳಗಿನ ವೀರ್ಯಚೀಲ ಎಣಿಸುತ್ತ ಕೂತರೆ ಬೇಸಿಗೆಯೇ ಮುಗಿಯುತ್ತದೆ. 1996ರಲ್ಲಿ ರಾಲಿಂಗ್ಸ್ ಎಂಬಾತ ಐಬೀರಿಯಾದ ಕ್ಯುಲಿಕಾಯ್ಡಿಸ್‌ಗಳಿಗೆ ರೆಕ್ಕೆಯ ವಿನ್ಯಾಸವೊಂದನ್ನೇ ಆಧರಿಸಿದ ಗುರುತಿನ ಕೀಲಿ ಪ್ರಕಟಿಸಿದ. ರೋಗದ ಹರಡುವಿಕೆಯನ್ನು ಅಧ್ಯಯನ ಮಾಡುವವರ ಬಳಕೆಗೆ ಎಂದು ಅದರ ಶೀರ್ಷಿಕೆಯಲ್ಲೇ ಹೇಳಿದ್ದ. ವರ್ಗೀಕರಣದ ಪಂಡಿತನಲ್ಲದ ಪಶುವೈದ್ಯನೂ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯಿಟ್ಟು, ಹೌದು ಅಲ್ಲ ಎಂದು ಉತ್ತರಿಸುತ್ತ ಹೋಗಿ ಹೆಸರಿಗೆ ತಲುಪಬಹುದು.

ಆಸ್ಟ್ರೇಲಿಯದ್ದೂ ಇಂಥದೇ ದಾರಿ. 1975ರಲ್ಲಿ ಉತ್ತರದ ಡಾರ್ವಿನ್ ಹತ್ತಿರ ಹಿಡಿದ ಕ್ಯುಲಿಕಾಯ್ಡಿಸ್‌ಗಳಲ್ಲಿ ನೀಲಿನಾಲಿಗೆಯ ವೈರಸ್ ಸಿಕ್ಕಿತು. ಕುರಿ ಮಾರಿ ಬದುಕುವ ದೇಶಕ್ಕೆ ಇದು ನಿದ್ದೆಗೆಡಿಸುವ ಸುದ್ದಿ. ಅಲ್ಲಿಯ ದಶಕಗಳ ದುಡಿಮೆಯ ಫಲವಾಗಿ 2007ರಲ್ಲಿ ಡೈಸ್, ಬೆಲ್ಲಿಸ್, ಮುಲ್ಲರ್ ಎಂಬ ಮೂವರು ಆ ಪ್ರದೇಶದ ಕ್ಯುಲಿಕಾಯ್ಡಿಸ್ ರೆಕ್ಕೆಗಳ ಚಿತ್ರಸಂಪುಟ ತಂದರು. ಪುಟ ಪುಟಕ್ಕೂ ರೆಕ್ಕೆ. ಈ ವಿಷಯ ಗೊತ್ತಿಲ್ಲದವರಿಗೆ ಅದು ಕಸೂತಿಯ ಮಾದರಿ ಪುಸ್ತಕದಂತೆ ಕಂಡರೆ ಆಶ್ಚರ್ಯವಿಲ್ಲ. ಆಗ್ನೇಯ ಏಷ್ಯಾಕ್ಕೆ ವರ್ತ್ ಮತ್ತು ಹ್ಯೂಬರ್ಟ್ 1989ರಲ್ಲಿ ತಂದ ಬೃಹತ್ ಗ್ರಂಥ ಇತ್ತು. ನಮ್ಮ ಪ್ರಯೋಗಾಲಯಗಳಲ್ಲಿ ನೊರಜು ವಿಂಗಡಿಸುವವರು ಇಂದಿಗೂ ಅದರತ್ತ ಕೈ ಚಾಚುತ್ತಾರೆ.

ಇನ್ನು ಮೈಗೆನ್‌ನ ಊರಿಗೆ ಮರಳೋಣ. 2006ರ ಆಗಸ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿ ಮೂರೂ ಕೂಡುವ ಮಾಸ್ಟ್ರಿಕ್ಟ್ ಮತ್ತು ಆಖೆನ್ ಸುತ್ತಲಿನ ಹಳ್ಳಿಗಳಲ್ಲಿ ಕುರಿಗಳ ಬಾಯಿ ಊದತೊಡಗಿತು. ಅದು ನೀಲಿನಾಲಿಗೆ, ಎಂಟನೆಯ ಸೀರೋಟೈಪ್. ಉತ್ತರ ಯುರೋಪಿನಲ್ಲಿ ಅದಕ್ಕೆ ಮುಂಚೆ ಈ ರೋಗ ಕಂಡಿದ್ದಿಲ್ಲ. 1998ರಿಂದ ಗ್ರೀಸ್, ಇಟಲಿ, ಮೆಡಿಟರೇನಿಯನ್ ದ್ವೀಪಗಳಲ್ಲಿ ರೋಗ ಎದ್ದಾಗ ಎಲ್ಲರ ಕಣ್ಣು ಇಮಿಕೋಲದ ಮೇಲಿತ್ತು. ಇಮಿಕೋಲ ಎಲ್ಲಿ ಮುಗಿಯುತ್ತದೋ ಅಪಾಯವೂ ಬಹುಮಟ್ಟಿಗೆ ಅಲ್ಲೇ ಮುಗಿಯುತ್ತದೆ ಎಂಬ ನೆಮ್ಮದಿ ಉತ್ತರದವರಿಗೆ. ಆಖೆನ್ ಸುತ್ತ ಇಮಿಕೋಲ ಇಲ್ಲವೇ ಇಲ್ಲ. ಬಲೆಗಳಿಗೆ ಬಿದ್ದದ್ದು ಆ ನೆಲದ ಹಳೆಯ ನಿವಾಸಿಗಳು. ಹತ್ತಿರದ ಶ್ಟೋಲ್‌ಬರ್ಗ್‌ನ ಮೇಷ್ಟ್ರು ಇನ್ನೂರು ವರ್ಷದ ಹಿಂದೆ ‘ಮಾಸಿಹೋದದ್ದು’ ಎಂದು ಹೆಸರಿಟ್ಟ ಒಬ್ಸೋಲೀಟಸ್, ಆತನೇ 1830ರಲ್ಲಿ ಹೆಸರಿಟ್ಟ ಕಿಯೋಪ್ಟೆರಸ್, ಮತ್ತೆ ಡೆವುಲ್ಫಿ, ಸ್ಕಾಟಿಕಸ್.

ಇಲ್ಲಿ ರೆಕ್ಕೆಯ ಓದು ತನ್ನ ಮಿತಿಗೆ ಬಂದು ಮುಟ್ಟಿತು. ಒಬ್ಸೋಲೀಟಸ್ ಮತ್ತು ಸ್ಕಾಟಿಕಸ್ ಹೆಣ್ಣುಗಳ ರೆಕ್ಕೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಭರವಸೆಯಿಂದ ಬೇರ್ಪಡಿಸಲಾಗದು. ಗಂಡುಗಳ ಜನನಾಂಗ ನೋಡಿ ಹೇಳಬಹುದು, ಆದರೆ ಗಂಡು ಕಚ್ಚುವುದಿಲ್ಲ, ಬಲೆಗೂ ಹೆಚ್ಚು ಬೀಳುವುದಿಲ್ಲ. ಡೆವುಲ್ಫಿ, ಕಿಯೋಪ್ಟೆರಸ್‌ಗಳ ಮರಿ ದನದ ಸಗಣಿಯಲ್ಲಿ ಬೆಳೆದರೆ ಒಬ್ಸೋಲೀಟಸ್ ಕೊಳೆತ ಎಲೆ, ಗೊಬ್ಬರದ ರಾಶಿಗೂ ಸೈ. ಮತ್ತೆ ಅದೇ ಕೆಸರು ಸಗಣಿಯ ಪ್ರಶ್ನೆ, ಬೇರೆ ಖಂಡದಲ್ಲಿ. ಹಲವು ದೇಶಗಳ ವರದಿಗಳು ‘ಒಬ್ಸೋಲೀಟಸ್ ಬಳಗ’ ಎಂದು ಒಟ್ಟಾಗಿ ಬರೆದು ಸುಮ್ಮನಾದವು. ಅದನ್ನು ಬಿಡಿಸಲು ಡಿಎನ್‌ಎ ಬೇಕಾಯಿತು. ಹುಳುವಿನ ಒಂದು ಕಾಲು ಸಾಕು, ಅದರ ವಂಶವಾಹಿಯ ಒಂದು ತುಣುಕನ್ನು ಓದಿ ಹೆಸರು ಹೇಳಬಹುದು. 2012ರಲ್ಲಿ ಫ್ರಾನ್ಸಿನ ಸಂಶೋಧಕರ ಮುಂದಾಳತ್ವದಲ್ಲಿ ಪಶ್ಚಿಮ ಯುರೋಪ್ ಮತ್ತು ಮೆಡಿಟರೇನಿಯನ್ ಭಾಗದ ಹೆಣ್ಣು ಹುಳುಗಳಿಗೆ ಕಂಪ್ಯೂಟರಿನಲ್ಲಿ ಬಳಸುವ ಗುರುತಿನ ಕೀಲಿಯೂ ಬಂತು.

ಹಾಗಾದರೆ ರೆಕ್ಕೆ ಓದುವ ಕೆಲಸ ಮುಗಿಯಿತೇ? ಡಾಕ್ಟರೇಟ್ ಮಾಡುತ್ತಿರುವ ನನ್ನಂಥವರನ್ನು ಗೆಳೆಯರು ಕೇಳುವ ಪ್ರಶ್ನೆ ಇದೇ. ಈ ಚರಿತ್ರೆಯನ್ನು ಓದುತ್ತ ನನಗೆ ಹೊಳೆದ ಎರಡು ಮಾತುಗಳನ್ನು ಹೇಳುತ್ತೇನೆ.

ಒಂದು, ಡಿಎನ್‌ಎ ಹೆಸರನ್ನು ತಾನಾಗಿ ಹೇಳುವುದಿಲ್ಲ. ಅದು ಹೇಳುವುದು ‘ನನ್ನ ಪಟ್ಟಿಯಲ್ಲಿರುವ ಇಂಥದರ ಹಾಗಿದೆ’ ಎಂದಷ್ಟೇ. ಆ ಪಟ್ಟಿಗೆ ಮೊದಲ ಹುಳುವನ್ನು ಸೇರಿಸುವಾಗ ಅದಕ್ಕೆ ಹೆಸರು ಹಚ್ಚಿದವನು ರೆಕ್ಕೆ ನೋಡಿಯೇ ಹಚ್ಚಿರುತ್ತಾನೆ. ಆತ ಆಕ್ಸಿಸ್ಟೋಮವನ್ನು ಶುಲ್ಟ್‌ಸೈ ಎಂದು ಬರೆದಿದ್ದರೆ ಯಂತ್ರವೂ ಅದನ್ನೇ, ಇನ್ನಷ್ಟು ಅಧಿಕಾರವಾಣಿಯಿಂದ, ಹೇಳುತ್ತದೆ. ಕೀಫರ್‌ನ ಚುಟುಕು ವಿವರಣೆ ಎಬ್ಬಿಸಿದ ಗೊಂದಲ ಹೊಸ ವೇಷದಲ್ಲಿ ಮರಳಿದಂತೆ.

ಎರಡನೆಯದು ನಮ್ಮ ಊರಿಗೆ ಹತ್ತಿರದ್ದು. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ಕುರಿಸೀಮೆಗಳಲ್ಲಿ ನೀಲಿನಾಲಿಗೆ ಮಳೆಯ ಬೆನ್ನು ಹಿಡಿದೇ ಬರುತ್ತದೆ. ಭಾರತದಲ್ಲಿ ಐದು ಸೀರೋಟೈಪ್‌ಗಳಿಗೆ ಒಂದೇ ಲಸಿಕೆ ತಯಾರಾಗಿದೆ. ವೈರಸ್ಸಿನ ಸೀರೋಟೈಪ್‌ಗಳ ಸಂಖ್ಯೆ ಇಪ್ಪತ್ತನಾಲ್ಕನ್ನು ಎಂದೋ ದಾಟಿದೆ. ಒಂದರ ಲಸಿಕೆ ಇನ್ನೊಂದನ್ನು ಸಾಮಾನ್ಯವಾಗಿ ತಡೆಯದು. ಆದ್ದರಿಂದ ಯಾವ ತಾಲ್ಲೂಕಿನಲ್ಲಿ ಯಾವ ಹುಳು ಯಾವ ತಿಂಗಳು ಏರುತ್ತದೆ ಎಂಬ ಲೆಕ್ಕ ಲಸಿಕೆಯಷ್ಟೇ ಮುಖ್ಯ. ಲಸಿಕೆ ಹಾಕುವ ಹೊತ್ತು, ಕುರಿಗಳನ್ನು ಸಂಜೆಗೆ ಕೆರೆಯಂಚಿನಿಂದ ಎಬ್ಬಿಸುವ ಹೊತ್ತು, ಹಟ್ಟಿಯ ತೊಟ್ಟಿಯ ಸುತ್ತಲಿನ ಕೆಸರಿಗೆ ಮಣ್ಣು ಹಾಕಬೇಕೋ ಸಗಣಿ ಎತ್ತಬೇಕೋ ಎಂಬ ತೀರ್ಮಾನ ಇವೆಲ್ಲ ಆ ಲೆಕ್ಕದಿಂದ ಬರಬೇಕು. ವಾರಕ್ಕೊಮ್ಮೆ ಹತ್ತಾರು ಊರುಗಳ ಬಲೆಯಲ್ಲಿ ಬಿದ್ದ ಸಾವಿರ ಸಾವಿರ ಹುಳುಗಳ ಡಿಎನ್‌ಎ ಓದುವಷ್ಟು ಹಣ ಯಾವ ತಾಲ್ಲೂಕು ಪಶು ಆಸ್ಪತ್ರೆಗೂ ಇಲ್ಲ. ಒಂದು ಸೂಕ್ಷ್ಮದರ್ಶಕ, ಒಂದು ಬಟ್ಟಲು ಸ್ಪಿರಿಟ್, ರೆಕ್ಕೆಯ ಚಿತ್ರಗಳಿರುವ ನಾಲ್ಕು ಹಾಳೆ, ಕಲಿತ ಒಂದು ಜೊತೆ ಕಣ್ಣು ಇವು ಎಲ್ಲಿಯೂ ಸಾಧ್ಯ. ಬಲೆಯ ರಾಶಿಯಲ್ಲಿ ಇಮಿಕೋಲ, ಆಕ್ಸಿಸ್ಟೋಮ, ಪೆರೆಗ್ರಿನಸ್‌ಗಳನ್ನು ರೆಕ್ಕೆ ನೋಡಿ ಬೇರೆ ಮಾಡಿ, ಅನುಮಾನ ಉಳಿದ ಬೆರಳೆಣಿಕೆಯ ಹುಳುಗಳನ್ನಷ್ಟೇ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರೆ ಖರ್ಚೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

ಕಷ್ಟವಿರುವುದು ಕಣ್ಣಿನದರಲ್ಲಿ. ರೆಕ್ಕೆ ಓದುವುದು ಪುಸ್ತಕದಿಂದ ಅರ್ಧ ಬರುತ್ತದೆ, ಉಳಿದರ್ಧ ಬಲ್ಲವರ ಪಕ್ಕ ಕೂತು ನೂರಾರು ಹುಳು ತಿರುವಿದ ಮೇಲೆ ಬರುತ್ತದೆ. ಇಂಥ ಕೆಲಸಕ್ಕೆ ಹೆಸರು ಕಡಿಮೆ, ನೌಕರಿ ಇನ್ನೂ ಕಡಿಮೆ. ಬಲ್ಲವರು ನಿವೃತ್ತರಾದಾಗ ಅವರ ಸ್ಲೈಡ್ ಪೆಟ್ಟಿಗೆಗಳು ಉಳಿಯುತ್ತವೆ, ಪಕ್ಕ ಕೂತು ಕಲಿತವರು ಉಳಿಯುವುದು ಅಪರೂಪ. ಡೆರಮ್, ಮೈಗೆನ್, ಕೀಫರ್, ಡು ಟಾಯ್ಟ್, ಮೈಸ್‌ವಿಂಕಲ್ ಎಲ್ಲರ ಕೆಲಸವೂ ಮುಂದಿನವನಿಗೆ ದಕ್ಕಿದ್ದು, ಯಾರೋ ಒಬ್ಬರು ಅದೇ ಹುಳುವನ್ನು ಮತ್ತೊಮ್ಮೆ ತಟ್ಟೆಯಲ್ಲಿಟ್ಟು ನೋಡಿದ್ದರಿಂದ. ಈ ಮಳೆಗಾಲದಲ್ಲೂ ಬಯಲುಸೀಮೆಯ ಹಟ್ಟಿಗಳ ಮೇಲೆ ಸಂಜೆ ಹೊತ್ತಿಗೆ ನೊರಜು ಏಳುತ್ತವೆ. ಅವುಗಳಲ್ಲಿ ಯಾವುದು ಯಾವುದೆಂದು ಹೇಳಬಲ್ಲವರು ಜಿಲ್ಲೆಗೊಬ್ಬರಾದರೂ ಇದ್ದರೆ, ಕುರಿ ಮೇವು ಬಿಡುವ ಮೊದಲೇ ಕುರಿಗಾಹಿಗೆ ಒಂದು ಮಾತು ತಲುಪಿಸಬಹುದು.